ಸಾವಿನ ಮನೆಯಲ್ಲಿ ಹಾಡುವ ಊರು

ತೆಲಸಂಗಕ್ಕೆ ಬಂದು ತಿಂಗಳು ತುಂಬಿರಲಿಲ್ಲ, ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ತೀರಿಕೊಂಡರು. ಬೆಳಿಗ್ಗೆ ಅವರ ಪಡಸಾಲೆಗೆ ಹೋದವಳು ಹೊಸ್ತಿಲಲ್ಲೇ ನಿಂತುಬಿಟ್ಟೆ. ಅವರನ್ನು ಮಲಗಿಸಿರಲಿಲ್ಲ. ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೊರಗಿಸಿ ಕೂರಿಸಿದ್ದರು. ಎದುರಿಗೆ ಅವರ ಹೆಂಡತಿ ಗಂಗವ್ವ ತಾಳ ಹಿಡಿದು ಹಾಡುತ್ತಿದ್ದರು.

"ಗಾಳಿ ಕಟ್ಟಿದ ಮನಿ, ಗಾಳಿಗೇ ಬಾಡಿಗಿ,
ಗಾಳಿ ಕೇಳಿದ ದಿನ ಕೀಲಿಕೈ ಕೊಡಬೇಕ."

ನಾನು ಮೈಸೂರಿನವಳು, ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಬಂದವಳು. ನಮ್ಮ ಕಡೆ ಸಾವಿನ ಮನೆಯೆಂದರೆ ಅಳು, ಇಲ್ಲವೇ ಪಿಸುಮಾತು. ಗಂಡನ ಶವದ ಮುಂದೆ ಹಾಡುವವಳ ಎದೆ ಕಲ್ಲಾಗಿರಬೇಕು ಅಂದುಕೊಂಡೆ.

ಆಮೇಲೆ ಅದೇ ಗಂಗವ್ವ ನನ್ನ ಒಂಟಿತನಕ್ಕೆ ಜೊತೆಯಾದರು. ಭಾನುವಾರ ನಾನು ಬಾಗಿಲು ಹಾಕಿಕೊಂಡು ಕೂತರೆ, "ಒಬ್ಬಾಕೀನ ಕುಂತು ಏನ್ ಮಾಡ್ತೀರಿ, ಬರ್ರಿ" ಎಂದು ಒಲೆಯ ಮುಂದೆ ಕೂರಿಸಿಕೊಳ್ಳುತ್ತಿದ್ದರು. ಅನ್ನವಿಲ್ಲದೆ ಊಟವೇ ಅಲ್ಲ ಎನ್ನುತ್ತಿದ್ದ ನಾನು ಜೋಳದ ರೊಟ್ಟಿ ಬಡಿಯಲು ಕಲಿತೆ. ಪುಂಡಿಪಲ್ಯದ ಹುಳಿಗೆ ನಾಲಿಗೆ ಒಗ್ಗಿತು. 'ಹೋಗ್ಯಾರ', 'ಬಂದಾರ' ಎಂಬ ಮಾತುಗಳು ನನಗೇ ತಿಳಿಯದಂತೆ ಬಾಯಿಗೆ ಬಂದವು.

ಒಮ್ಮೆ ಧೈರ್ಯ ಮಾಡಿ ಕೇಳಿದೆ, "ಅವತ್ತು ಹೆಂಗ್ ಹಾಡಿದ್ರಿ?"

ಗಂಗವ್ವ ರೊಟ್ಟಿ ತಿರುವಿ ಹಾಕಿದರು. "ನಾವಿಬ್ರೂ ಊರಾಗ ಎಷ್ಟೋ ಮನಿಗಿ ಹೋಗಿ ಇದನ್ನ ಹಾಡೀವಿ. ನಮ್ಮ ಮನಿಗಿ ಸಾವು ಬಂದಾಗ ಬಾಯಿ ಮುಚ್ಚಿದ್ರ, ಅಷ್ಟೂ ಮಂದಿಗಿ ಸುಳ್ಳ ಹೇಳಿದಂಗ ಆಗ್ತಿತ್ತು."

"ದುಃಖ ಆಗಲಿಲ್ವಾ?"

"ಆಗಲಾರದ ಇರ್ತದೇನ್ರಿ? ದುಃಖ ಹೋಗಲಿ ಅಂತ ಹಾಡೂದಲ್ರಿ. ಅದನ್ನ ಹೊರಾಕ ನಾಕ್ ಮಂದಿ ಬೇಕು. ಹಾಡಿದ್ರ ಅವ್ರು ಬಂದು ದನಿ ಕೂಡಸ್ತಾರ." ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕಲ್ಲೆದೆಯೆಂದು ನಾನು ತಿಳಿದದ್ದು ಎಂಥ ಗಟ್ಟಿ ಜೀವ ಎಂದು ಅವತ್ತು ಕಂಡೆ. ಮುಂದಿನ ಸೋಮವಾರ ಗಂಗವ್ವನವರ ವಾರದ ಭಜನೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮುಂದಿನ ಸಾಲಿಗೆ ಬಂದಿದ್ದೆ.

ಕಳೆದ ವರ್ಷ ಮೈಸೂರಿನಲ್ಲಿ ನನ್ನ ಅಪ್ಪ ಹೋದರು. ನಾನು ತಲುಪಿದಾಗ ಅಮ್ಮ ಮಾತೂ ಇಲ್ಲದೆ, ಕಣ್ಣೀರೂ ಇಲ್ಲದೆ ಕೂತಿದ್ದಳು. ಮೂಲೆಯಲ್ಲಿ ಯಾರದೋ ಮೊಬೈಲು ಮೆಲ್ಲಗೆ ಮಂತ್ರ ಹೇಳುತ್ತಿತ್ತು. ನಾನು ಅದನ್ನು ನಿಲ್ಲಿಸಿ, ಅಪ್ಪನ ಪಕ್ಕ ಕೂತು 'ಗಾಳಿ ಕಟ್ಟಿದ ಮನಿ' ಹಾಡಿದೆ. ಅತ್ತೆಯೊಬ್ಬರು, "ಇದೇನೇ, ಈ ಹೊತ್ತಲ್ಲಿ?" ಎಂದರು. ಕೂಡಿಸಲು ಇನ್ನೊಂದು ದನಿ ಅಲ್ಲಿರಲಿಲ್ಲ. ಆದರೂ ಬಿಡಲಿಲ್ಲ. ಹಾಡು ಮುಗಿಯುವ ಮೊದಲೇ ಅಮ್ಮ ನನ್ನ ಭುಜಕ್ಕೆ ಮುಖವಿಟ್ಟು ಅತ್ತಳು. ಅತ್ತು ಅತ್ತು ಕಡೆಗೆ, "ಇನ್ನೊಂದ್ಸಲ ಹೇಳು" ಎಂದಳು. ಎರಡನೆಯ ಸಲ ಅವಳೂ ತಪ್ಪುತಪ್ಪಾಗಿ ದನಿ ಸೇರಿಸಿದಳು.

ಕಾರ್ಯವೆಲ್ಲ ಮುಗಿದು ಬಟ್ಟೆ ಜೋಡಿಸಿಕೊಳ್ಳುತ್ತಿದ್ದಾಗ ಅಮ್ಮ ಕೇಳಿದಳು, "ಆ ಹಾಡು ಯಾವೂರಿಂದೇ?"

"ನಮ್ಮೂರಿಂದು ಅಮ್ಮ" ಎಂದುಬಿಟ್ಟೆ.

ಅಮ್ಮ ನನ್ನನ್ನೇ ನೋಡಿದಳು. "ಹಂಗಾರೆ ಇದು ಯಾವೂರು?"

ಸೀರೆಯೊಂದನ್ನು ಬಿಚ್ಚಿ ಮತ್ತೆ ಮಡಚತೊಡಗಿದೆ. ಅಮ್ಮ ಅದರ ಇನ್ನೊಂದು ಅಂಚು ಹಿಡಿದುಕೊಂಡಳು.