ಒಳಮಡಿಕೆಯ ಐದು ಸಾಲು

ಬೆಳಕು ಹರಿಯುವ ಮೊದಲೇ ಆರ್ಲೀನ್ ಪೆಲ್ಟಿಯರ್ ಒಲೆಗೆ ಸೌದೆ ಒಟ್ಟಿದ್ದಳು, ಗಂಡ ವೆಂಡೆಲನ ಬುತ್ತಿಗೆ ಬ್ರೆಡ್ಡು ಮಾಂಸ ಜೋಡಿಸಿದ್ದಳು, ಫ್ಲಾಸ್ಕಿಗೆ ಕಾಫಿ ಸುರಿದಿದ್ದಳು, ಅವನ ಒದ್ದೆ ಕೈಗವಸು ಒಣಹಾಕಿ, ಅತ್ತೆಯ ಮಾತ್ರೆ ತೆಗೆದಿಟ್ಟು, ಹಣ್ಣು ತುಂಬಿ ಬೇಯಿಸುವ ಪೈಗೆ ಹಿಟ್ಟನ್ನೂ ನಾದಿಟ್ಟಿದ್ದಳು. ಉಳಿದ ಹೊತ್ತಿನಲ್ಲಿ ಅವಳು ಲೇಖಕಿ. ಉಳಿದ ಹೊತ್ತೆಂದರೆ ವೆಂಡೆಲ್ ಏಳುವವರೆಗಿನ ಒಂದು ಗಂಟೆ.

ಆ ಒಂದು ಗಂಟೆಯಲ್ಲೇ ಹನ್ನೊಂದು ವರ್ಷಗಳಲ್ಲಿ ಎರಡು ಪುಸ್ತಕಗಳಾಗಿದ್ದವು. ದೀಪಸ್ತಂಭ ಕಾಯ್ದವರ ಹೆಂಡತಿಯರದೊಂದು, ಅಮೆರಿಕದ ಮೇನ್ ಕರಾವಳಿಯ ಬಿರುಗಾಳಿಗಳದೊಂದು. ಕಟ್ಟುಕಥೆ ಅವಳಿಗಾಗದು, ಒಂದು ತಾರೀಖಿಗಾಗಿ ಮೂರು ಚರ್ಚುಗಳ ದಫ್ತರ ತಿರುವಿಹಾಕಿದವಳು. ಎರಡೂ ಪುಸ್ತಕಗಳಲ್ಲಿದ್ದ ಸುಳ್ಳು ಒಂದೇ, ಅದು ಮುಖಪುಟದ ಹೊದಿಕೆಯ ಒಳಮಡಿಕೆಯಲ್ಲಿತ್ತು: "ಗಂಡನ ಅಕ್ಕರೆಯ ನೆರವಿನಿಂದ ಬರೆಯುವ ಇವರ ಬ್ಲೂಬೆರಿ ಪೈ ಊರಿಗೇ ಹೆಸರುವಾಸಿ." ಈ ಪರಿಚಯವನ್ನು ಲೇಖಕರೇ, ಬೇರೆ ಯಾರೋ ಹೊಗಳುತ್ತಿರುವಂತೆ ಬರೆದುಕೊಡುವುದು ಪ್ರಕಾಶಕರ ಪದ್ಧತಿ. ಮೊದಲ ಸಲ ನಾಚುತ್ತ ಬರೆದಳು, ಎರಡನೆಯ ಸಲ ಅದನ್ನೇ ನಕಲು ಮಾಡಿದಳು. ಅಂದಿನಿಂದ ಗ್ರಂಥಾಲಯಕ್ಕೆ ಅವಳ ಓದು ಕೇಳಲು ಬಂದವರದ್ದೆಲ್ಲ ಒಂದೇ ಗಂಭೀರ ಪ್ರಶ್ನೆ: "ಪೈ ತಂದಿಲ್ವಾ, ಆರ್ಲೀನ್?"

ಈಗ ಮೂರನೆಯದು. ಸಾರ್ಡೀನ್ ಕಾರ್ಖಾನೆಯಲ್ಲಿ ಕತ್ತರಿ ಹಿಡಿದು ಮೀನಿನ ತಲೆ ತೆಗೆದು ಡಬ್ಬಿ ತುಂಬಿದ ಹೆಂಗಸರದ್ದು. ಕೆಲವು ವರ್ಷ ಅವಳೂ ಅವರಲ್ಲೊಬ್ಬಳಾಗಿದ್ದಳು. ಅವಳ ಅಮ್ಮನೂ ಅವರಲ್ಲೊಬ್ಬಳು, ಕತ್ತರಿಯ ಗಾಯಕ್ಕೆ ಸುತ್ತಿದ ಬೆರಳಿನ ಪಟ್ಟಿ ಬಿಚ್ಚದೆಯೇ ಸತ್ತವಳು. ಈ ಪುಸ್ತಕವನ್ನೂ ಪೈ ನುಂಗಿದರೆ ಆ ಬೆರಳುಗಳಿಗೆ ಏನೆಂದು ಉತ್ತರ ಕೊಡುವುದು? ಪರಿಚಯವೋ ಇಂದಿನ ಅಂಚೆಗೇ ಹೋಗಬೇಕು.

"ನನ್ನ ಹೆಸರು ಮರೀಬೇಡ ಮಾರಾಯ್ತಿ," ಎದ್ದು ಬಂದ ವೆಂಡೆಲ್ ಬೂಟಿಗೆ ಕಾಲು ತೂರಿಸುತ್ತ ಹೇಳಿದ. "ಬಂದರಲ್ಲಿ ಎಲ್ರಿಗೂ ಹೇಳಿಟ್ಟಿದೀನಿ."

"ಏನಂತ ಹಾಕ್ಲಿ?"

"ಅದೇ, ನೆರವು ಅಂತ. ನೀನು ಟೈಪ್ ಹೊಡೀವಾಗ ಯಾವತ್ತಾದ್ರೂ ಅಡ್ಡ ಬಂದಿದೀನಾ?"

"ಇಲ್ಲಪ್ಪ. ಗೊರಕೆ ಹೊಡೀತಿರ್ತೀಯ."

"ನೋಡು ಮತ್ತೆ! ನನ್ನ ಟೋಪಿ ಎಲ್ಲೇ?"

"ತಲೆ ಮೇಲೆ."

ಒಳಗಿನಿಂದ ಅತ್ತೆಯ ದನಿ: "ಪೈ ಬಿಟ್ಟೀಯಾ ಜೋಕೆ! ಅದನ್ನ ನಿಂಗೆ ಕಲಿಸ್ಕೊಟ್ಟಿದ್ದು ನಾನು!"

ನೆರವಿನ ಗಂಡ ಬುತ್ತಿ, ಫ್ಲಾಸ್ಕು, ಒಣಗಿದ ಕೈಗವಸು ಎತ್ತಿಕೊಂಡು ದೋಣಿಗೆ ಹೊರಟ. ಅತ್ತೆ ಮತ್ತೆ ನಿದ್ದೆಹೋದಳು.

ಆರ್ಲೀನ್ ಟೈಪ್‌ರೈಟರಿಗೆ ಹಾಳೆ ಸೇರಿಸಿ "ಗಂಡನ ಅಕ್ಕರೆಯ" ಎಂದು ಹೊಡೆದು ನಿಲ್ಲಿಸಿದಳು. ಹಾಳೆ ಎಳೆದು ಒಲೆಗೆ ಹಾಕಿ, ಹೊಸದು ಸೇರಿಸಿದಳು: "ಆರ್ಲೀನ್ ಪೆಲ್ಟಿಯರ್ ಆರು ವರ್ಷ ಸಾರ್ಡೀನ್ ಕಾರ್ಖಾನೆಯಲ್ಲಿ ದುಡಿದರು. ನಸುಕಿನಲ್ಲಿ ಒಬ್ಬರೇ ಬರೆಯುತ್ತಾರೆ. ಇದು ಮೂರನೆಯ ಪುಸ್ತಕ."

ಪ್ರಕಾಶಕರು ಕೊಟ್ಟಿದ್ದು ಐದು ಸಾಲಿನ ಜಾಗ. ಎರಡು ಖಾಲಿ ಉಳಿದವು. ಗಂಡನೂ ಪೈಯೂ ಸರಿಯಾಗಿ ಕೂರುವಷ್ಟು.

ಅವಳು ಲಕೋಟೆಗೆ ಅಂಟು ಹಚ್ಚಿ, ನಾದಿದ ಹಿಟ್ಟನ್ನು ಹಾಗೇ ಬಿಟ್ಟು, ಕೋಟು ತೊಟ್ಟಳು.