ಸವಣೂರಿನ ಖಾರ ಮತ್ತು ಅಚ್ಯುತನ ಬೆಲ್ಟು

ದಣಿದವರನ್ನು ಕಂಡು ತಾನಾಗಿಯೇ ನಿಧಾನವಾಗುವ ಯಂತ್ರ ನಿಜಕ್ಕೂ ಇರುತ್ತದೆಯೇ? ಹಾನಗಲ್ಲಿನಲ್ಲಿ ಬೆಳಗಿನ ಬಸ್ಸು ಹತ್ತಿದಾಗ ನನ್ನ ತಲೆಯಲ್ಲಿ ಇದೊಂದೇ ಪ್ರಶ್ನೆ. ಎಂಜಿನಿಯರ್ ಗೆಳೆಯ ಅಚ್ಯುತ ಅಂಥದ್ದನ್ನು ಮಾಡಿ ಸವಣೂರಿನಲ್ಲಿ ಖಾರ ಎಂಬ ಕುರುಕಲು ತಿಂಡಿ ಮಾಡುವ ಕಾರ್ಖಾನೆಯೊಂದರಲ್ಲಿ ಕೂರಿಸಿದ್ದ. "ಬಂದು ನೋಡು, ಆಮ್ಯಾಲೆ ನಗು" ಎಂದು ಫೋನಿನಲ್ಲಿ ಸವಾಲು ಹಾಕಿದ್ದ. ನಗುವ ತಯಾರಿಯಲ್ಲೇ ಹೊರಟೆ.

ಬಂಕಾಪುರದಲ್ಲಿ ಬಸ್ಸು ಬದಲಿಸಿ, ಗಿರ್ಮಿಟ್ ತಿಂದು, ಚಹಾ ಕುಡಿದು ಸವಣೂರು ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಎಲೆಬಳ್ಳಿಯ ತೋಟಗಳನ್ನು ದಾಟಿದ ಮೇಲೆ ಕರಿದ ಕಡಲೆಹಿಟ್ಟಿನ ವಾಸನೆ ಹಿಡಿದೇ ನಡೆದೆ.

ಒಳಗೆ ಹೆಂಗಸರು ಸಾಲಾಗಿ ಬೆಲ್ಟಿನ ಪಕ್ಕ ಕುಳಿತು, ತೂಗಿ ಬಂದ ಖಾರದ ಪಾಕೀಟುಗಳ ಬಾಯಿ ಮಡಚಿ ಅಂಟಿಸುತ್ತಿದ್ದರು. ಮೇಲೊಂದು ಕ್ಯಾಮೆರಾ. ಯಾರ ಮುಂದಾದರೂ ಪಾಕೀಟು ರಾಶಿ ಬಿದ್ದರೆ ಬೆಲ್ಟು ನಿಧಾನವಾಗಬೇಕು, ಇಲ್ಲವಾದರೆ ಜೋರಾಗಬೇಕು.

"ಲೆಕ್ಕ ತಲೆಕೆಳಗಾತು ನೋಡಪಾ" ಎಂದ ಅಚ್ಯುತ.

ಬೀಬಿಜಾನ್ ಎಂಬವರ ಬಲಭುಜ ನೋಯುತ್ತಿತ್ತು. ಅವರ ಕೈ ಸೋತಾಗಲೆಲ್ಲ ಪಕ್ಕದ ನೀಲವ್ವ ಮಾತಿಲ್ಲದೆ ಅವರ ಪಾಕೀಟುಗಳನ್ನು ತಮ್ಮತ್ತ ಎಳೆದುಕೊಳ್ಳುತ್ತಿದ್ದರು. ಹೀಗಾಗಿ ರಾಶಿ ಬೀಳುತ್ತಲೇ ಇರಲಿಲ್ಲ. ಎಲ್ಲರೂ ಹುರುಪಿನಲ್ಲಿದ್ದಾರೆಂದು ತಿಳಿದು ಯಂತ್ರ ಬೆಲ್ಟನ್ನು ಇನ್ನಷ್ಟು ಓಡಿಸುತ್ತಿತ್ತು! ನಾನು ನಕ್ಕೆ, ಬೀಬಿಜಾನ್ ಭುಜ ಒತ್ತಿಕೊಳ್ಳುವುದನ್ನು ಕಂಡು ನಾಚಿಕೆಯಾಯಿತು.

"ಎಳ್ಕೊಬ್ಯಾಡ್ರಿ ಅಂದ್ರ ಕೇಳವಲ್ರು" ಎಂದು ಅಚ್ಯುತ ದೂರಿದ.

"ಬಾಜೂಕಿನಾಕಿ ಕೈ ನೋಯಾಕತ್ತಿದ್ರ ನೋಡ್ಕೋತ ಕುಂಡ್ರಾಕ ಆಗ್ತದೇನ್ರಿ?" ಎಂದರು ನೀಲವ್ವ.

ಕೊನೆಗೆ ಅಚ್ಯುತ ಪ್ರತಿಯೊಬ್ಬರ ಕಾಲ ಬಳಿ ಹೊಲಿಗೆ ಮಷಿನ್ನಿನಂತೆ ಒಂದು ಪೆಡಲ್ ಇಟ್ಟಿದ್ದ. ಯಾರು ಒತ್ತಿ ಹಿಡಿದರೂ ಇಡೀ ಬೆಲ್ಟು ನಿಧಾನ. ಬೀಬಿಜಾನ್ ಮಾತ್ರ ಅದನ್ನು ಮುಟ್ಟಿರಲಿಲ್ಲ. ಬೆಲ್ಟಿಗೆ ಹೊಂದದವರು ಬೇರೆ ಕೆಲಸ ನೋಡಿಕೊಳ್ಳಲಿ ಎಂದು ಮಾಲಕರು ಅಂದಿದ್ದರಂತೆ; ನಾನು ಹೋದ ದಿನವೇ ಬಂದು ನೋಡಿ ತೀರ್ಮಾನಿಸುವವರಿದ್ದರು.

"ನಾ ಒತ್ತಿದ್ರ ಎಲ್ಲಾರ ಕೆಲಸ ತಡಾ ಆಗ್ತದ್ರಿ. ನನ್ನ ಸಲುವಾಗಿ ಯಾಕ?" ಎಂದರು ಬೀಬಿಜಾನ್.

ಮಧ್ಯಾಹ್ನ ಮಾಲಕರು ಬಂದು ಬಾಗಿಲಲ್ಲಿ ನಿಂತರು. ನನಗೂ ಒಂದು ಕೈ ನೋಡುವ ಹಂಬಲ. ನೀಲವ್ವ ಎದ್ದು ತಮ್ಮ ಜಾಗ ಕೊಟ್ಟರು. ಮೂರನೆಯ ಪಾಕೀಟಿಗೇ ಫಜೀತಿಯಾಯಿತು. ಖಾರ ತೊಡೆಯ ಮೇಲೆ ಚೆಲ್ಲಿತು, ಹೆಂಗಸರು ಬಾಯಿಗೆ ಸೆರಗು ಹಿಡಿದರು. ಅಷ್ಟರಲ್ಲಿ ಬೆಲ್ಟು ಮೆಲ್ಲಗಾಯಿತು. ಪೆಡಲ್ ಇರುವುದೇ ನನಗೆ ಮರೆತುಹೋಗಿತ್ತು.

"ಯಾರು ಒತ್ತಿದ್ರಿ?" ಮಾಲಕರು ಕೇಳಿದರು.

ಬೀಬಿಜಾನ್ ತಲೆ ತಗ್ಗಿಸಿದರು. "ನಾನ್ರೀ. ಪರ ಊರಿಂದ ಬಂದ ಪಾವಣ್ಯಾರು ಬೆವರಾಕತ್ತಾರ."

ಮಾಲಕರು ಅವರ ಭುಜವನ್ನೊಮ್ಮೆ, ನನ್ನ ತೊಡೆಯ ಮೇಲಿನ ಖಾರವನ್ನೊಮ್ಮೆ ನೋಡಿದರು.

"ಒಂದು ಗಳಿಗಿ ಕುಂತ ಪಾವಣ್ಯಾರಿಗೆ ಒತ್ತತಿ, ದಿನಾ ದುಡಿಯಾಕಿ ನಿನಗ ಒತ್ತಂಗಿಲ್ಲ? ನಾಳಿಂದ ನಿನಗೂ ಒತ್ಕೋ."

ನಾಳೆ ಎಂದರು, ಅಂದರೆ ಬೀಬಿಜಾನ್ ಕೆಲಸ ಉಳಿಯಿತು! ಅಚ್ಯುತ ನನ್ನ ಬೆನ್ನಿಗೆ ಗುದ್ದಿದ. ನಾನು ಖಾರ ಕೊಡವಿಕೊಂಡು ಎದ್ದೆ, ನೀಲವ್ವ ಮತ್ತೆ ಬಂದು ಕುಳಿತರು.

ಬಸ್ಸಿಗೆ ಹೊತ್ತಾಗಿತ್ತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ತಿರುಗಿ ನೋಡಿದೆ. ನಾನು ಎದ್ದು ಬಂದಿದ್ದರೂ ಬೆಲ್ಟು ಇನ್ನೂ ನಿಧಾನವಾಗಿಯೇ ಹೋಗುತ್ತಿತ್ತು. ಬೀಬಿಜಾನ್ ಪೆಡಲ್ಲಿನ ಮೇಲಿನ ಕಾಲು ತೆಗೆದಿರಲಿಲ್ಲ.