ಕೊಳ್ಳುವ ಬಾಯಿ, ಮಾರುವ ಬಾಯಿ

ಮೂವತ್ತು ವರ್ಷ ಕರಾವಿನ ಹಸುಗಳ ವ್ಯಾಪಾರ ಮಾಡಿದ್ದೇನೆ. ಸಾಗರದ ಕಡೆ ಕೊಂಡು ತೀರ್ಥಹಳ್ಳಿಯಲ್ಲಿ ಮಾರುವುದು, ಅಲ್ಲಿ ಕೊಂಡದ್ದನ್ನು ಹೊಸನಗರಕ್ಕೆ ತರುವುದು. ಅಪ್ಪ ಬಿಟ್ಟುಹೋದದ್ದು ಒಂದು ಹಗ್ಗ ಮಾತ್ರ. ಉಳಿದದ್ದೆಲ್ಲ ಬಾಯಿಂದ ಬೆಳೆದದ್ದು. ಗಬ್ಬದ ಹಸು ಕೊಳ್ಳುವಾಗ ನನ್ನದು ಒಂದೇ ಮಾತು: "ಹೊಟ್ಟೆಲಿರೋದ್ನ ಯಾಕೆ ಹೇಳ್ತೀರಿ ಮಾರಾಯ್ರೆ, ನೆಲಕ್ಕೆ ಬಿದ್ಮೇಲೆ ಅದು ಕರು." ಅದೇ ಹಸುವನ್ನು ವಾರ ಬಿಟ್ಟು ಮಾರುವಾಗ: "ಒಂದಲ್ಲ ಸ್ವಾಮಿ, ಎರಡು ಜೀವ ಹೊಡ್ಕೊಂಡ್ ಹೋಗ್ತಿದ್ದೀರಿ." ಎರಡನ್ನೂ ಮನಸಾರೆ ಹೇಳುತ್ತಿದ್ದೆ. ಈ ಕಸುಬಿಗೆ ಇಳಿಯುವವರಿಗೆ ಈಗಲೂ ಹೇಳುತ್ತೇನೆ, ತಾನೇ ನಂಬದ ಮಾತಿಗೆ ಗಿರಾಕಿ ಬಗ್ಗುವುದಿಲ್ಲ.

ಮಗಳು ಇದನ್ನು ಕೇಳುತ್ತಲೇ ಬೆಳೆದಳು. ಗಿರಾಕಿ ಅತ್ತ ಹೋದಮೇಲೆ ನನ್ನ ಹಾಗೇ ಕೈ ಆಡಿಸಿ ಅಣಕಿಸುವಳು.

ಅವಳನ್ನು ತೀರ್ಥಹಳ್ಳಿಗೆ ಕೊಟ್ಟಿದ್ದೇವೆ. ಮೊದಲ ಬಸಿರಿನಲ್ಲಿ ಹೊಸನಗರಕ್ಕೆ, ನಮ್ಮನೆಗೆ ಬಂದಿದ್ದಾಗ ಸಾಗರಕ್ಕೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದೆ. ಐದು ತಿಂಗಳು ತುಂಬಿರಲಿಲ್ಲ. (ಆ ಸ್ಕ್ಯಾನನ್ನು ಯಾರೂ ಮುಂದಕ್ಕೆ ಹಾಕಬೇಡಿ.) ಮಗುವಿನ ತಲೆಬುರುಡೆಯೇ ಬೆಳೆದಿಲ್ಲ ಎಂದರು ಡಾಕ್ಟರು. ಎದೆ ಬಡಿಯುತ್ತಿದೆ, ಆದರೆ ಹುಟ್ಟಿದರೂ ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ. ತೆಗೆಸಲು ಕಾನೂನಿನಲ್ಲಿ ಅವಕಾಶವಿದೆ, ತೀರ್ಮಾನ ತಾಯಿಯದು.

ಮಾರನೆಯ ದಿನ ಅಳಿಯನೂ ಅವನ ತಾಯಿಯೂ ಬಂದರು. ನನ್ನ ಹೆಂಡತಿ ತೀರಿಕೊಂಡು ಆರು ವರ್ಷ. ಮನೆಯಲ್ಲಿ ಮಗಳ ಪರವಾಗಿ ಮಾತಾಡಬೇಕಾದವನು ನಾನೇ ಎಂದುಕೊಂಡಿದ್ದೆ.

ಬೀಗಿತ್ತಿ ಕೂರುವ ಮೊದಲೇ ಶುರುಮಾಡಿದರು. "ಎದೆ ಬಡೀತಿದೆ ಅಂತ ಡಾಕ್ಟ್ರೇ ಹೇಳಿದಾರೆ. ಅದನ್ನ ನಿಲ್ಸೋಕೆ ನಾವ್ಯಾರು? ಇದ್ದಷ್ಟು ಹೊತ್ತು ಇರ್ಲಿ."

"ಉಳಿಯಲ್ಲ ಅಂತ ಗೊತ್ತಾದ್ಮೇಲೆ ಇವ್ಳು ಇನ್ನೂ ನಾಲ್ಕು ತಿಂಗ್ಳು ಯಾಕೆ ಹೊರ್ಬೇಕು ಅಕ್ಕಾ? ಅದಿನ್ನೂ ಮನುಷ್ಯ ಆಗಿಲ್ಲ. ಏನೂ ಅಲ್ಲ ಅದು ಈಗ" ಎಂದೆ.

"ಮನುಷ್ಯ ಆಗೋದು ಯಾವಾಗ? ಆರಕ್ಕಾ, ಏಳಕ್ಕಾ? ತಿಂಗ್ಳು ಹೇಳಿ ನೋಡಣ."

ನನ್ನ ಹತ್ತಿರ ತಿಂಗಳಿರಲಿಲ್ಲ. ಆದರೂ ಮಾತು ನಿಲ್ಲಿಸಲಿಲ್ಲ; ಉಸಿರಾಡಬೇಕು, ಅಳಬೇಕು, ಹೆಸರಿಡಬೇಕು ಎಂದೆಲ್ಲ ಹೇಳಿದೆ. ಅಳಿಯ ಕಾಫಿ ಲೋಟ ತಿರುಗಿಸುತ್ತ, "ಅವ್ಳು ಹೆಂಗೆ ಹೇಳ್ತಾಳೋ ಹಂಗೆ" ಎಂದ. ಅಲ್ಲಿಯವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ.

ಮಗಳು ನನ್ನ ಕಡೆ ತಿರುಗಿದಳು. "ಅಪ್ಪಯ್ಯ, ಈಗ ನೀವು ಕೊಳ್ಳಕ್ಕೆ ಬಂದಿರೋದಾ, ಮಾರಕ್ಕಾ?"

ಉತ್ತರಕ್ಕೆ ಕಾಯದೆ ಬೀಗಿತ್ತಿಯ ಕಡೆ ತಿರುಗಿದಳು.

"ಅತ್ತೆ, ನೀವ್ ಹೇಳಿದ್ದು ಸುಳ್ಳಲ್ಲ. ಅದು ಮಿಸುಕಾಡೋದು ನಂಗೇ ಗೊತ್ತಾಗತ್ತೆ. ಆದ್ರೆ ಹುಟ್ಟಿ ಸಾಯ್ಲಿ ಅಂತ ಕಾಯ್ತಾ ಕೂರಕ್ಕೆ ನನ್ ಕೈಲಾಗಲ್ಲ. ತೆಗೆಸ್ತೀನಿ." ಮತ್ತೆ ನನಗೆ: "ನೀವು ಏನೂ ಅಲ್ಲ ಅಂತ ಮಾತ್ರ ಅನ್ಬೇಡಿ ಅಪ್ಪಯ್ಯ. ನನ್ನ ಸಮಾಧಾನಕ್ಕೂ ಅನ್ಬೇಡಿ."

ಬೀಗಿತ್ತಿ ಸೆರಗಿನಿಂದ ಮುಖ ಒರೆಸಿಕೊಂಡರು. "ನಂಗೆ ಒಪ್ಗೆ ಇಲ್ಲ. ಇವತ್ತೂ ಇಲ್ಲ, ನಾಳೆನೂ ಇಲ್ಲ. ಆದ್ರೆ ಆಸ್ಪತ್ರೆಲಿ ನಿನ್ ಹತ್ರ ನಾನೇ ಇರೋದು." ಹಾಗೆಯೇ ಇದ್ದರು, ಎರಡು ದಿನ, ಬೆಂಚಿನ ಮೇಲೆ.

ಎಲ್ಲ ಮುಗಿದಮೇಲೆ ನರ್ಸ್ ಹೊರಗೆ ಬಂದು, ಆಸ್ಪತ್ರೆಯವರೇ ವಿಲೇವಾರಿ ಮಾಡುತ್ತಾರೆ, ಬೇಕಿದ್ದರೆ ಬರೆದುಕೊಟ್ಟು ತೆಗೆದುಕೊಂಡು ಹೋಗಬಹುದು ಎಂದಳು. ಅಳಿಯ ಒಳಗೆ ಮಗಳ ಬಳಿ ಇದ್ದ. ನಾನೇ ಕಾಗದ ತೆಗೆದುಕೊಂಡೆ. ಕೊನೆಯಲ್ಲಿ ಸಂಬಂಧ ಎಂದೊಂದು ಜಾಗ. ಅಜ್ಜ ಎಂದು ಬರೆದೆ.

ಮಣ್ಣು ಮಾಡುವಾಗ ಬೀಗಿತ್ತಿ ಒಂದು ಲೋಟ ಹಾಲು ತಂದು ಸುರಿದರು.

ಮಗಳು ಮನೆಗೆ ಬಂದ ಮೇಲೆ ಒಂದು ದಿನವಿಡೀ ಗೋಡೆ ಕಡೆ ಮುಖಮಾಡಿ ಮಲಗಿದ್ದಳು. ಮರುದಿನ ನಾನು ಗಂಜಿ ತಂದಿಟ್ಟಾಗ ತಿರುಗದೆಯೇ ಕೇಳಿದಳು.

"ಎಲ್ಲಿ?"

"ಕೊಟ್ಟಿಗೆ ಹಿಂದೆ. ದನ ಹಾಯದ ಕಡೆ."

"ಎಷ್ಟು ಆಳ?"

"ನನ್ನ ಸೊಂಟದ ತನಕ. ಮೇಲೆ ಕಲ್ಲು ಹೇರಿದೀನಿ. ನಾಯಿ ನರಿ ಮುಟ್ಟಲ್ಲ."

ಅವಳು ಎದ್ದು ಕುಳಿತು ಬಟ್ಟಲಿಗೆ ಕೈ ಚಾಚಿದಳು. "ಉಪ್ಪಿನಕಾಯಿ ಮರ್ತಿದ್ದೀರಿ" ಎಂದಳು. ತರಲು ಎದ್ದೆ.